ಗುಂಡುಕಲ್ಲು ಹೊತ್ತ ವೈರ್ ಬ್ಯಾಗು

ನಮ್ಮ ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಒಂದು ಕಚ್ಚು ಇತ್ತು. ಬ್ಯಾಗು ಹೆಣೆಯಲು ಪ್ಲಾಸ್ಟಿಕ್ ವೈರು ಎಳೆದೂ ಎಳೆದೂ ಬಿದ್ದ ಕಚ್ಚು. ಕಲ್ಯಾಣದುರ್ಗದ ಅವಳ ಬೀದಿಯಲ್ಲಿ ಅವಳು ಹೆಣೆದ ಬ್ಯಾಗಿಲ್ಲದ ಮನೆಯೇ ಇರಲಿಲ್ಲ. ಹೆಣೆದು ಮುಗಿಸಿದ್ದನ್ನು ಹಾಗೇ ಯಾರಿಗೂ ಕೊಟ್ಟವಳಲ್ಲ. ಒರಳಿನ ಗುಂಡುಕಲ್ಲನ್ನು ಅದರೊಳಗಿಟ್ಟು ಒಂದು ರಾತ್ರಿ ಪಡಸಾಲೆಯ ಕೊಕ್ಕೆಗೆ ನೇತುಹಾಕುವಳು. ಬೆಳಗ್ಗೆ ಒಂದು ಗಂಟು ಜಗ್ಗಿದ್ದರೂ ಬಿಚ್ಚಿ ಮತ್ತೆ ಶುರು. "ದಾರೀಲಿ ಕಿತ್ಕೊಂಡು ಟೊಮೇಟೊ ಉರುಳಾಡುದ್ರೆ ಬೈಸ್ಕೊಳ್ಳೋಳು ನಾನು ಕಣಮ್ಮ" ಅನ್ನುವಳು.

ಅಂಥವಳಿಗೆ ಸಣ್ಣದಾಗಿ ಲಕ್ವ ಹೊಡೆಯಿತು. ಮಾತು ತಿರುಗಿ ಬಂತು, ಕೈಗೆ ಬಲವೂ ಬಂತು. ಗಂಟು ಹಾಕುವುದು ಮಾತ್ರ ಮರೆತುಹೋಗಿತ್ತು. ಅವಳ ಸೊಸೆ, ನನ್ನ ಅತ್ತಿಗೆ, ಫೋನ್ ಮಾಡಿ, "ವೈರು ಹಿಡ್ಕೊಂಡು ಸುಮ್ಕೆ ಕೂತಿರ್ತಾರಮ್ಮ, ಒಂದ್ಸಲ ಬಂದೋಗು" ಎಂದಳು. ಆಫೀಸಿಗೆ ಒಂದು ವಾರ ರಜೆ ಹಾಕಿ, ನಾನಿರುವ ಹಿಂದೂಪುರದ ಮಾರ್ಕೆಟ್ಟಿನಲ್ಲಿ ಹಸಿರು, ಹಳದಿ ವೈರು ಕೊಂಡು ಬಸ್ಸು ಹತ್ತಿದೆ.

ವೈರಿನ ಕಟ್ಟು ಕಂಡದ್ದೇ ದೊಡ್ಡಮ್ಮ ಮುಖ ತಿರುಗಿಸಿದಳು. "ಇವತ್ತು ಗಂಟು ಮರ್ತೆ. ನಾಳೆ ನಿನ್ನೂ ಮರ್ತ್‌ಬುಡ್ತೀನಿ."

ಹೇಳಿಕೊಡೋಣವೆಂದರೆ ನನಗೆ ಆ ವಿದ್ಯೆಯ ಗಂಧವೇ ಇಲ್ಲ. ಉಳಿದದ್ದು ಫೋನು. ಇಬ್ಬರೂ ಚಾಪೆಯ ಮೇಲೆ ಕೂತು ಯೂಟ್ಯೂಬ್ ಜಾಲಾಡಿದೆವು. ವೈರಿನಲ್ಲಿ ಗಿಣಿ ಮಾಡುವವರು ಸಿಕ್ಕರು, ಸ್ಕೂಟರಿಗೆ ಅಂಗಿ ಹೆಣೆದವನೊಬ್ಬ ಸಿಕ್ಕ. "ಇವ್ರಿಗೆಲ್ಲ ಮನೇಲಿ ಕೆಲ್ಸ ಇಲ್ವೇನೆ?" ಎಂದು ದೊಡ್ಡಮ್ಮ ಬಹಳ ದಿನಗಳ ಮೇಲೆ ನಕ್ಕಳು. ಕೊನೆಗೆ ಬ್ಯಾಗು ಹೆಣೆಯುವುದನ್ನು ತೆಲುಗಿನಲ್ಲಿ ಕಲಿಸುವ ಹೆಂಗಸೊಬ್ಬಳು ಸಿಕ್ಕಳು. ಫೋನನ್ನು ಚೊಂಬಿಗೆ ಒರಗಿಸಿ, ವೈರು ಹಿಡಿದು ನಾನೇ ತಡಕಾಡತೊಡಗಿದೆ. ಆಕೆ ಎಳೆಯನ್ನು ಮೇಲಿನಿಂದ ತೆಗೆದಳೋ ಇಲ್ಲವೋ, ದೊಡ್ಡಮ್ಮನ ಹುಬ್ಬು ಗಂಟಿಕ್ಕಿತು.

"ಅಟ್ಲ ಕಾದಮ್ಮಾ!" ಹಾಗಲ್ಲಮ್ಮಾ ಎಂದು ಅವಳಿಗೆ ತೆಲುಗಿನಲ್ಲೇ ಗದರಿದಳು.

ಫೋನಿನವಳು ತನ್ನ ಪಾಡಿಗೆ ತಾನು ಹೆಣೆಯುತ್ತಲೇ ಇದ್ದಳು.

"ಹೇಳುದ್ರೂ ಕೇಳಲ್ವಲ್ಲ ಇವ್ಳು! ಕೆಳಗಿಂದ ತಗೀಬೇಕು ಕಣೇ, ಇಲ್ದಿದ್ರೆ ಜಗ್ಗೋಯ್ತದೆ. ಇಂಗೆ..." ಎನ್ನುತ್ತ ನನ್ನ ಕೈಯ ವೈರು ಕಿತ್ತುಕೊಂಡಳು. ಒಂದು ಗಂಟು ಬಿತ್ತು. ಇನ್ನೊಂದು ಬಿತ್ತು. ಮಾತಾಡಿದರೆ ಎಲ್ಲಿ ನಿಂತುಹೋಗುತ್ತದೋ ಎಂದು ನಾನು ಉಸಿರು ಬಿಗಿಹಿಡಿದು ಕೂತೆ. ಸಾಲು ಮುಗಿದ ಮೇಲೆ ತಲೆ ಎತ್ತಿ, "ಕಾಫಿ ಆರೋಯ್ತು, ಬಿಸಿ ಮಾಡ್ಕೊಂಬಾ" ಎಂದಳು. ಅಡುಗೆಮನೆಗೆ ಹೋಗಿ, ಒಲೆ ಹಚ್ಚುವುದನ್ನೂ ಮರೆತು ಸಮಾಧಾನವಾಗುವಷ್ಟು ಅತ್ತೆ.

ರಜೆಯ ಮಿಕ್ಕ ದಿನಗಳೆಲ್ಲ "ಆ ಬಾಯ್ಬಡ್ಕೀನ ಹಾಕು" ಎಂದು ಫೋನಿನವಳನ್ನು ಕರೆಸಿಕೊಂಡು, ಅವಳ ಜೊತೆ ಜಗಳ ಕಾಯುತ್ತಲೇ ಬ್ಯಾಗು ಮುಗಿಸಿದಳು. ರಾತ್ರಿಯಿಡೀ ಗುಂಡುಕಲ್ಲು ಹೊತ್ತು ಗೆದ್ದ ಆ ಬ್ಯಾಗಿಗೆ ನಾನು ಹೊರಡುವ ಬೆಳಗ್ಗೆ ಕಡಲೆಕಾಯಿ ತುಂಬಿ ನನ್ನ ಕೈಗಿತ್ತಳು. ಬಸ್ಸು ಕಂಬದೂರು ದಾಟುವಷ್ಟರಲ್ಲಿ ನನಗೆ ಗಾಢ ನಿದ್ದೆ.

ಈ ವರ್ಷ ಯುಗಾದಿಗೆ ಮುಂಚೆ ದೊಡ್ಡಮ್ಮ ಮಲಗಿದ್ದಲ್ಲೇ ಹೋದಳು. ಮಣ್ಣು ಮುಗಿಸಿ ಬಂದಾಗ ಪಡಸಾಲೆಯ ಕೊಕ್ಕೆಯಲ್ಲಿ ಹೊಸ ಬ್ಯಾಗೊಂದು ಗುಂಡುಕಲ್ಲು ಹೊತ್ತು ತೂಗಾಡುತ್ತಿತ್ತು. ಗಲಾಟೆಯಲ್ಲಿ ಯಾರೂ ಇಳಿಸಿರಲಿಲ್ಲ. ನಾನೇ ಇಳಿಸಿ ಸಾಲು ಸಾಲಾಗಿ ಬೆರಳಾಡಿಸಿದೆ. ಒಂದು ಗಂಟೂ ಜಗ್ಗಿರಲಿಲ್ಲ.

"ಇದ್ಯಾರಿಗೆ, ಅತ್ತಿಗೆ?" ಎಂದೆ.

"ನಿಂಗೇ ಕಣಮ್ಮ. ಹಿಂದೂಪುರದೋಳ್ದು ಹಳೇದಾಗಿರ್ತೈತೆ ಅಂತ ದಿನಾ ನೆನೀತಿದ್ರು."