ಮಗುಚಿದರೂ ಸುರಿಯದ ನೀರು

ಬೆಳಗಿನ ಆರೂವರೆ. ಕುಕ್ಕರಹಳ್ಳಿ ಕೆರೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಕೆರೆಯಾಚೆಯ ಸಂಶೋಧನಾಲಯದ ಮಹಡಿಯಲ್ಲಿ ಪ್ರೇಮಮ್ಮ ಬೆರಳುದ್ದದ ಗಾಜಿನ ಶೀಶೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ತಲೆಕೆಳಗು ಮಾಡುತ್ತಾರೆ. ಒಳಗಿರುವುದು ಹೆಚ್ಚುಕಮ್ಮಿ ನೀರೇ. ಆದರೂ ಅದು ಕೆಳಗಿಳಿಯುವುದಿಲ್ಲ. ಮೇಲೆಯೇ ಅಂಟಿಕೊಂಡು ಮಂಕಾಗಿ ಹೊಳೆಯುತ್ತದೆ.

"ನೀರು ನಿದ್ದೆ ಮಾಡ್ತಾ ಅದೆ ನೋಡಿ. ಎಬ್ಬುಸ್‌ಬಾರ್ದು," ಎಂದು ಪಿಸುಗುಟ್ಟುತ್ತಾರೆ.

ಪೆಪ್ಟೈಡ್ ಎಂದರೆ ಪ್ರೋಟೀನಿನ ಚಿಕ್ಕ ತುಣುಕು. ಇಂಥ ತುಣುಕುಗಳು ಒಂದನ್ನೊಂದು ಹಿಡಿದುಕೊಂಡು ಕಣ್ಣಿಗೆ ಕಾಣದ ಬಲೆ ಹೆಣೆಯುತ್ತವೆ. ಬಲೆಯೊಳಗೆ ನೀರು, ನೀರಿನೊಳಗೆ ಔಷಧಿ. ಇದನ್ನು ಚರ್ಮದಡಿ ಸೇರಿಸಿದರೆ ಔಷಧಿ ಒಮ್ಮೆಲೇ ಸುರಿದುಹೋಗದೆ ದಿನಗಟ್ಟಲೆ ತೊಟ್ಟುತೊಟ್ಟಾಗಿ ಇಳಿಯಬೇಕು ಎಂಬುದು ಇಲ್ಲಿನ ಸಂಶೋಧಕಿ ಲಹರಿಯ ಹಂಬಲ. ಮನುಷ್ಯರ ಮೈಗೆ ಬರಲು ಇನ್ನೂ ವರ್ಷಗಳು ಬೇಕು. ಗಾಜು ತೊಳೆಯುವುದು, ಬೆಳಿಗ್ಗೆ ಶೀಶೆ ಮಗುಚಿ ಗಟ್ಟಿಯಾಗಿದೆಯೇ ಎಂದು ನೋಡಿ ಹೇಳುವುದು ಪ್ರೇಮಮ್ಮನ ಕೆಲಸ.

ನಂಜನಗೂಡು ಕಡೆಯ ಒಕ್ಕಲು ಮನೆಯ ಮಗಳು. ಮದುವೆಯಾಗಿ ಕುಂಬಾರಕೊಪ್ಪಲಿಗೆ ಬಂದವರು. ಒಂಟಿಕೊಪ್ಪಲಿನ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದವರು ಗುತ್ತಿಗೆಯ ಮೇಲೆ ಇಲ್ಲಿಗೆ ಸೇರಿದರು. ಗಂಡ ಮಂಟಯ್ಯನವರಿಗೆ ಸೈಕಲ್ ರಿಪೇರಿ ಅಂಗಡಿ, ಜೊತೆಗೆ ಸಕ್ಕರೆ ಕಾಯಿಲೆ. ದಿನಾ ಮನೆ ಬಿಡುವ ಮುಂಚೆ ಅವರಿಗೆ ಇನ್ಸುಲಿನ್ ಚುಚ್ಚುವವರು ಇವರೇ.

"ಚುಚ್ಚೋವಾಗ ನನ್ ಮೊಕ ನೋಡಕಿಲ್ಲ, ಗೋಡೆ ನೋಡ್ತಾರೆ. ಹೊಟ್ಟೇಲಿ ಇನ್ನು ಜಾಗ ಇಲ್ಲ ಕಣೆ, ಪಕ್ಕದ ಮನೆಯೋನ ಹೊಟ್ಟೆ ಬಾಡಿಗೆಗೆ ಕೇಳು ಅಂತಾರೆ."

ಹಾಗಾಗಿ ಈ ಶೀಶೆಗಳು ಪ್ರೇಮಮ್ಮನಿಗೆ ಬೇರೆಯವರ ಉಸಾಬರಿಯಲ್ಲ. ಲಹರಿ ಮೊದಲ ಸಲ ಇನ್ಸುಲಿನ್ ಬೆರೆಸಿಟ್ಟ ಮಾರನೆಯ ದಿನ ಆಯುಧಪೂಜೆ. ಎಷ್ಟೋ ಕಾದು ತರಿಸಿದ್ದ ಪೆಪ್ಟೈಡ್ ಆ ಶೀಶೆಗಳಿಗೇ ಮುಗಿದಿತ್ತು. ಪ್ರೇಮಮ್ಮ ಎಲ್ಲರಿಗಿಂತ ಮುಂಚೆ ಬಂದು ತಕ್ಕಡಿ, ಫ್ರಿಜ್ಜು, ಯಂತ್ರಗಳನ್ನೆಲ್ಲ ಒರೆಸಿ ಕುಂಕುಮವಿಟ್ಟರು. ಶೀಶೆಗಳೂ ಆಯುಧವೇ ಅಲ್ಲವೇ? ಒಂದೊಂದನ್ನೂ ದೀಪದ ಕಂಬ ತಿಕ್ಕುವ ಹಾಗೆ ಉಜ್ಜಿ, ಮುಚ್ಚಳಕ್ಕೊಂದು ಬೊಟ್ಟಿಟ್ಟರು. ಮಗುಚಿ ನೋಡಿದರೆ ಎಲ್ಲವೂ ನೀರು.

ಲಹರಿ ಒಳಗೆ ಕಾಲಿಡುತ್ತಿದ್ದಂತೆ ತಾವೇ ಹೇಳಿಬಿಟ್ಟರು. "ಉಜ್ಜಿ ಉಜ್ಜಿ ಕೆಡಿಸ್ಬುಟ್ಟೆ ಕಣವ್ವ."

ಲಹರಿ ಸಾಲಾಗಿ ನಿಂತ ಬೊಟ್ಟುಗಳನ್ನು ನೋಡಿದಳು. "ನಿಂಬೆಹಣ್ಣು ಒಂದು ಕುಯ್ಯೋದು ಬಾಕಿ ಇತ್ತು, ಪ್ರೇಮಮ್ಮ. ಬನ್ನಿ, ಹೊರಗೆ ಕೂತ್ಕೊಳ್ಳೋಣ. ಅಲುಗಾಡಿ ಕಳಚಿದ ಬಲೆ ತಾನಾಗೇ ಕೂಡಿಕೊಂಡ್ರೂ ಕೂಡಿಕೊಳ್ಳಬಹುದು."

ಇಬ್ಬರೂ ಬಾಗಿಲಾಚೆ ಕಡ್ಲೆಪುರಿ ತಿನ್ನುತ್ತ ಕುಳಿತರು. ಬಿಸಿಲು ನೆಲದ ಮೇಲೆ ಅವಸರವಿಲ್ಲದೆ ಸರಿಯಿತು. ಕೆರೆಯ ಮೇಲೆ ಹಕ್ಕಿಗಳು ಸುತ್ತಿ ಸುತ್ತಿ ಇಳಿದವು. ಪ್ರೇಮಮ್ಮನಿಗೆ ಕಣ್ಣು ಮುಚ್ಚಿದರೆ ಕತ್ತಲೆ ನೀರಿನಲ್ಲಿ ಬಲೆಯ ಒಂದೆಳೆ ಇನ್ನೊಂದೆಳೆಯನ್ನು ತಡಕುವುದೇ ಕಾಣುತ್ತಿತ್ತು. ಕೊನೆಗೆ ಲಹರಿ ಎದ್ದು ಹೋಗಿ ಮೊದಲ ಶೀಶೆ ಮಗುಚಿದಳು. ಬೀಳಲಿಲ್ಲ. ಮುಂದಿನದೂ ಬೀಳಲಿಲ್ಲ.

"ಸೂಜಿಯಲ್ಲಿ ನೀರಾಗಿ ಹೋಗಿ ಒಳಗೆ ಮತ್ತೆ ಗಟ್ಟಿಯಾಗ್ಬೇಕು ತಾನೆ, ಇದೇ ನಮಗೆ ಬೇಕಾಗಿದ್ದು," ಎಂದಳು. ಉಜ್ಜಿದ್ದರಿಂದ ದೊಡ್ಡ ಶೋಧನೆಯೇನೂ ಆಗಲಿಲ್ಲ. ಯಂತ್ರವೊಂದು ಮುಂದಿನ ವಾರ ಹೇಗೂ ಇದೇ ಪರೀಕ್ಷೆ ಮಾಡುವುದಿತ್ತು. ಮಾಲು ಉಳಿಯಿತು, ಅಷ್ಟೇ.

ಅಂದು ಸಂಜೆ ಮಂಟಯ್ಯ ಕೇಳಿದರಂತೆ, "ನನ್ ಕಾಲಕ್ಕೆ ಬತ್ತದಾ ಅದು?"

"ಬರಕಿಲ್ಲ ಅನ್ಸುತ್ತೆ ಅಂದೆ. ಸುಳ್ಳು ಯಾಕೆ ಹೇಳ್ಲಿ," ಎನ್ನುತ್ತಾರೆ ಪ್ರೇಮಮ್ಮ, ತೊಳೆದ ಗಾಜನ್ನು ಒಣಗಲು ಹಾಕುತ್ತ. "ಯಾವ್ದೋ ಮನೇಲಿ ಯಾವಳೋ ಒಬ್ಳು ಬೆಳಿಗ್ಗೆ ಎದ್ದು, ಸೂಜಿ ಹುಡುಕ್ದೆ ಮೊದ್ಲು ಕಾಪಿ ಕಾಸಿದ್ರೆ ಸಾಕು ಕಣ್ರೀ. ಶೀಸೆ ತೊಳೆದೋಳು ಯಾರು ಅಂತ ಅವಳಿಗೆ ಗೊತ್ತಾಗೋದೇನೂ ಬ್ಯಾಡ."