ಕತ್ತಿ ಕೆಳಗಿಟ್ಟು ಆಡಿದ ಮಾತು

ತರ್ಕಶಾಸ್ತ್ರವನ್ನು ನಾನು ಕಾಲೇಜಿನಲ್ಲಿ ಪಾಸು ಮಾಡಿದ್ದೆ. ಕಲಿತದ್ದು ಮಾತ್ರ ಅರವತ್ತರ ದಶಕದ ತೀರ್ಥಹಳ್ಳಿಯಲ್ಲಿ, ಬಸ್‌ಸ್ಟ್ಯಾಂಡಿನ ಎದುರಿನ ಕ್ಷೌರದಂಗಡಿಯ ಕುರ್ಚಿಯಲ್ಲಿ. ಗಿರಾಕಿಯೊಡನೆ ವಾದ ಶುರುವಾದೊಡನೆ ಅಂಗಡಿಯವರು ಕತ್ತಿಯನ್ನು ಕೆಳಗಿಟ್ಟು, ಕೈ ಒರೆಸಿಕೊಂಡು ನಿಲ್ಲುತ್ತಿದ್ದರು.

"ಕುತ್ತಿಗೆ ಮೇಲೆ ಕತ್ತಿ ಇದ್ರೆ ಯಾರಾದ್ರೂ ಹೌದು ಅಂತಾರೆ. ಅದು ಒಪ್ಪಿಗೆ ಅಲ್ಲ ಸ್ವಾಮಿ, ಹೆದ್ರಿಕೆ. ಕಾರಣ ಹೇಳಿ."

ಸಾಗರದಲ್ಲಿ ಮೇಷ್ಟರ ಕೆಲಸಕ್ಕೆ ನನ್ನ ಸಂದರ್ಶನವಿದ್ದ ದಿನ, ಒಂದು ಕೆನ್ನೆ ಮುಗಿಯುವಷ್ಟರಲ್ಲಿ ನನ್ನ ಬಾಯಿ ಜಾರಿತು. "ಬೆಳಗ್ಗೆ ಬೆಕ್ಕು ಅಡ್ಡ ಬಂತು. ಇವತ್ತು ಕೆಲಸ ಕೆಟ್ಟ ಹಾಗೇ."

ಕತ್ತಿ ಕೆಳಗಿಳಿಯಿತು. "ಬೆಕ್ಕು ಇಲಿ ಹಿಂದೆ ಹೋಗಿದ್ದಕ್ಕೂ ನಿಮ್ ಕೆಲ್ಸಕ್ಕೂ ಏನ್ ಸಂಬಂಧ?"

ಹೊರಗೆ ಸಾಗರದ ಬಸ್ಸು ಹಾರ್ನ್ ಹೊಡೆಯಿತು.

"ಸಂಬಂಧ ಇಲ್ಲ, ಒಪ್ಪಿದೆ ಮಾರಾಯ್ರೆ! ಇನ್ನೊಂದು ಕೆನ್ನೆ ಮುಗಿಸಿ!"

"ಈಗ ಒಪ್ಪಿದ್ದು ಬಸ್ಸಿಗೆ ಹೆದ್ರಿ. ಕತ್ತಿ ಬದ್ಲು ಬಸ್ಸು, ಅಷ್ಟೆ. ಕಾರಣ ಹೇಳಿ."

ನಾನು ಕಾರಣ ಹುಡುಕುವಷ್ಟರಲ್ಲಿ ಬಸ್ಸು ಹೊರಟುಹೋಯಿತು. "ನೋಡಿ, ಬೆಕ್ಕಿನ ಫಲ!" ಎಂದು ಕೂಗಿದೆ.

ಅವರು ಸೋಪು ಒಣಗಿದ ಕೆನ್ನೆಗೆ ಮತ್ತೆ ನೊರೆ ಹಚ್ಚುತ್ತ, ತುಸು ನೊಂದವರಂತೆ ಹೇಳಿದರು: "ಬಸ್ಸು ತಪ್ಪಿಸ್ದೋನು ನಾನು ಇಲ್ಲೇ ನಿಂತಿದೀನಿ. ಕಾರಣ ಇಷ್ಟು ಹತ್ರ ಇರ್ವಾಗ ಆ ಬೆಕ್ಕನ್ನ ಯಾಕೆ ಬೈತೀರಿ?"