ಪೂಜೆಗಿಟ್ಟ ಬಂದೂಕು

ಬಂದೂಕು ತಾನಾಗಿಯೇ ಹಾರಿತು ಅಂತ ನಮ್ಮ ಓಣಿಯಲ್ಲಿ ಈಗಲೂ ಹೇಳುತ್ತಾರೆ. ಹೇಗೆ ಹಾರುತ್ತದೆ ಸ್ವಾಮಿ? ತೋಟಾ ತಾನೇ ನಡೆದುಹೋಗಿ ನಳಿಗೆಯೊಳಗೆ ಕೂತಿತೇ? ಮೊನ್ನೆ ಎದುರು ಮನೆಯ ಕಟ್ಟೆಯಿಂದ ಬಂದೂಕಿಗೆ ಹಚ್ಚುವ ಎಣ್ಣೆಯ ವಾಸನೆ ಬಂತು, ಜೊತೆಗೆ ಚೆಂಡುಹೂವಿನದೂ... ಪಕ್ಕದ ಮನೆಯ ಅಕ್ಕ ನೆನಪಾದಳು.

ಭಾಗ್ಯನಗರದಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಚರ್ಚಾಸ್ಪರ್ಧೆಗೆಂದು ನಾನು ಮಾಳಿಗೆ ಮೇಲೆ ಭಾಷಣ ಒಪ್ಪಿಸುವಾಗ ಆಕೆ ಆಚೆ ಹಪ್ಪಳ ಒಣಹಾಕುತ್ತ ಬಾಯಿ ಹಾಕುತ್ತಿದ್ದಳು. ಒಮ್ಮೆ ವಿಷಯ ಬಂದೂಕಿನ ಪರವಾನಗಿಯೇ ಆಗಿತ್ತು. ಲೈಸೆನ್ಸ್ ಇದ್ದವರಿಂದ ಅಪಾಯವಿಲ್ಲ, ಕಳ್ಳ ಪಿಸ್ತೂಲು ಹಿಡಿಯಿರಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ.

"ಲೈಸೆನ್ಸ್ ಇದ್ದಾಂವ ಗಾಡಿ ಗುದ್ದಂಗಿಲ್ಲೇನೋ ತಮ್ಮಾ?" ಅಂದಳು. ಆವತ್ತೇ ಭಾಷಣ ಬದಲಾಯಿತು.

ಎದುರು ಮನೆಯ ಕಾಕಾರಿಗೆ ಯಲಬುರ್ಗಾ ಕಡೆ ಹೊಲ. ಶೇಂಗಾಕ್ಕೆ ಹಂದಿ, ಕರಡಿ ಬೀಳುತ್ತವೆಂದು ಜೋಡುನಳಿಗೆ ಬಂದೂಕು ಇಟ್ಟಿದ್ದರು. ಅದರಲ್ಲಿ ತಪ್ಪೇನಿಲ್ಲ. ಆಯುಧಪೂಜೆಗೆ ಅದನ್ನು ಕಟ್ಟೆಯ ಮೇಲಿಟ್ಟು ಓಣಿಯವರನ್ನೆಲ್ಲ ಕರೆಯುವುದು ರೂಢಿ. ಆದರೆ ಖಾಲಿ ಕೊಡ ಪೂಜೆಗಿಡದ, ಖಾಲಿ ಡಬ್ಬಿ ವಾಪಸ್ ಕೊಡದ ಮನೆ ಅದು. ಆ ವರ್ಷ ಅದೇ ನೇಮವನ್ನು ಬಂದೂಕಿಗೂ ಹಚ್ಚಿದರು. ಎಲ್ಲರೆದುರೇ ಎರಡೂ ನಳಿಗೆಗೆ ತೋಟಾ ತುಂಬಿದರು.

"ಕಾಕಾರ, ದೇವಿ ಹೂವು ಬೇಡ್ತಾಳ್ರಿ, ಗುಂಡಲ್ಲ. ತಗದಿಡ್ರಿ" ಅಂದಳು ಅಕ್ಕ.

"ಬರೇ ಕೊಳವಿಗಿ ಎಂಥಾ ಪೂಜಿ? ಅಷ್ಟ್ ಅಂಜಿಕಿ ಇದ್ರ ಮನ್ಯಾಗ ಕುಂಡ್ರವಾ!"

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು...

ಆರತಿ ಮುಗಿಯಿತು. ಕುಂಕುಮ ಮೆತ್ತಿದ ಕೈಯಿಂದಲೇ ಕಾಕಾ ಬಂದೂಕೆತ್ತಿ ಕಣ್ಣಿಗೊತ್ತಿಕೊಳ್ಳಲು ಹೋದರು. ಬೆರಳು ಎಲ್ಲಿತ್ತೋ, ಗುಂಡು ಹಾರಿತು. ಎದುರಿಗೆ ಅಕ್ಕ ಪ್ರಸಾದಕ್ಕೆ ಸೆರಗು ಒಡ್ಡಿದ್ದಳು. ಕೊಪ್ಪಳದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

"ಹಬ್ಬದ ದಿನ ಹೋದ್ಳು, ಪುಣ್ಯವಂತಿ" ಅಂದರು. ಪೊಲೀಸರು ಕೇಳಿದಾಗ, ತುಂಬಿದ್ದನ್ನು ನೋಡಿ ನಕ್ಕವರೇ "ನಾವು ಆರತಿ ಕಡೆ ನೋಡಾಕತ್ತಿದ್ವಿರಿ" ಅಂದರು. ನಾನು ಕಂಡದ್ದು ಕಂಡಂತೆ ಹೇಳಿದೆ. ಕೋರ್ಟಿನಲ್ಲಿ ಒಬ್ಬನ ಮಾತು ನಿಲ್ಲಲಿಲ್ಲ, ಕಾಕಾ ಬಿಡುಗಡೆಯಾದರು. ಅಪರಾಧ ಅಂದರೆ ರೌಡಿಯೇ ಮಾಡಬೇಕು. ಧೋತರ ಉಟ್ಟ, ಓಣಿಗೆ ಬೇಕಾದ ಹಿರಿಯರ ಕೈಯಿಂದಾದರೆ ಅದು ಹಣೆಬರಹ! ಇಂಥ ವಾದಕ್ಕೆ ಯಾವ ತೀರ್ಪುಗಾರನೂ ಒಂದು ಅಂಕ ಕೊಡಲಾರ. ನಮ್ಮ ಓಣಿ ಮಾತ್ರ ಚಪ್ಪಾಳೆ ತಟ್ಟಿತು.

ಈಗ ನಾನು ತಪ್ಪು ವಾದ ಮಾಡಿದರೆ ಗೋಡೆಯಾಚೆಯಿಂದ ತಡೆಯುವವರಿಲ್ಲ. ಕೋರ್ಟಿನಿಂದ ಬಂದೂಕು ಮಾತ್ರ ವಾಪಸ್ ಬಂದಿದೆ. ಮೊನ್ನೆ ಕಾಕಾ ಅದನ್ನು ಒರೆಸುತ್ತ, "ನಾಳೆ ಪೂಜಿ ಐತಿ, ತಪ್ಪಸಬ್ಯಾಡ" ಎಂದು ಕರೆದರು. ಕಟ್ಟೆಯ ಕೆಳಗೆ ನಿಂತೇ ಕೇಳಿದೆ.

"ಕಾಕಾರ, ಈ ಸಲ ಅದರ ಮುಂದ ಯಾರನ್ನ ನಿಲ್ಲಸ್ತೀರಿ?"